ಲೆಕ್ಕ ಕೇಳುವ ಹಕ್ಕು

ಬಂಗಾರಪೇಟೆ, ಟೇಕಲ್, ಮಾಲೂರುಗಳಿಂದ ಬೆಳಗಿನ ರೈಲು ಹತ್ತಿ ಹೂಡಿ ಹಾಲ್ಟಿನಲ್ಲಿ ಇಳಿಯುವ ನಮ್ಮ ಕಾರ್ಮಿಕ ಬಂಧುಗಳೂ, ಹೂಡಿಯಲ್ಲಿಯೇ ಒಂದು ಕೋಣೆ ಹಿಡಿದು ಸಂಸಾರ ಹೂಡಿರುವವರೂ, ಅಲ್ಲಿನ ಚಿಲ್ಲರೆ ಅಂಗಡಿಕಾರರೂ ನಮ್ಮ ಮುಂದೆ ಮತ್ತೆ ಮತ್ತೆ ಇಡುತ್ತಿರುವ ದೂರು ಒಂದೇ: ವಿದ್ಯುತ್ ಬಿಲ್ಲು. ಕಳೆದ ತಿಂಗಳು ಇದ್ದ ಎರಡು ದೀಪ, ಒಂದು ಪಂಖ, ಒಂದು ಮಿಕ್ಸಿಯೇ ಈ ತಿಂಗಳೂ ಇವೆ. ಆದರೆ ಬಿಲ್ಲು ಮಾತ್ರ ಇಮ್ಮಡಿಯಾಗಿದೆ. ಕಚೇರಿಗೆ ಹೋಗಿ ಕೇಳಿದರೆ “ಮೊದಲು ಕಟ್ಟಿ, ಆಮೇಲೆ ಮಾತಾಡಿ” ಎಂಬ ಉತ್ತರ. ಇದಕ್ಕೆ ಏನು ಮಾಡಬೇಕು ಎಂಬುದನ್ನು ಈ ವಾರ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಜಿಲ್ಲೆಯವರಿಗೆ ವಿದ್ಯುತ್ತಿನ ಚರಿತ್ರೆ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಬಂದು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು. ಗಣಿ ಕಾರ್ಮಿಕನ ಮನೆಯನ್ನಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, ೧೯೦೫ರಲ್ಲಿ. ೧೯೫೭ರಲ್ಲಿ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾಯಿತು. ೧೯೯೯ರಲ್ಲಿ ಮಂಡಲಿ ಹೋಗಿ ನಿಗಮ ಬಂತು. ೨೦೦೨ರಲ್ಲಿ ನಿಗಮದಿಂದ ವಿತರಣೆಯನ್ನು ಬೇರ್ಪಡಿಸಿ ಬೆಸ್ಕಾಂ ಮೊದಲಾದ ಕಂಪನಿಗಳನ್ನು ಮಾಡಿದರು. ಹೆಸರು ಕಂಪನಿಯಾದರೂ ಒಡೆತನ ಸರ್ಕಾರದ್ದೇ, ಎಂದರೆ ಜನರದ್ದೇ. ಇಂದು ಹೂಡಿಯಲ್ಲಿಯೇ ೪೦೦ ಕಿಲೋವೋಲ್ಟಿನ ದೊಡ್ಡ ವಿದ್ಯುತ್ ಕೇಂದ್ರವಿದೆ. ಅಲ್ಲಿಂದ ಹೊರಟ ತಂತಿಗಳು ಐ.ಟಿ. ಮಹಲುಗಳನ್ನು ಹಗಲೂ ರಾತ್ರಿ ಬೆಳಗುತ್ತವೆ. ಅದರ ನೆರಳಿನಲ್ಲಿ ಬಾಳುವವನಿಗೆ ತನ್ನ ಮನೆಯ ಮೀಟರಿನ ಲೆಕ್ಕ ತಿಳಿಯದೆಂದರೆ ಅದು ಅವನೊಬ್ಬನ ದಡ್ಡತನವಲ್ಲ. ತಿಳಿಯದಂತೆ ಲೆಕ್ಕ ಬರೆಯುವವರ ಜಾಣತನವೂ ಅದರಲ್ಲಿದೆ.

೨೦೨೩ರ ಜೂನ್ ತಿಂಗಳನ್ನು ನೆನಪಿಗೆ ತಂದುಕೊಳ್ಳಿ. ಆ ವರ್ಷ ಮೇ ೧೦ಕ್ಕೆ ವಿಧಾನಸಭೆಯ ಮತದಾನ, ೧೩ಕ್ಕೆ ಎಣಿಕೆ. ನಡುವೆ, ೧೨ನೆಯ ತಾರೀಖು, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ ೭೦ ಪೈಸೆ ಏರಿಸಿ ಆಜ್ಞೆ ಮಾಡಿತು. ಅದೂ ಏಪ್ರಿಲ್ ಒಂದರಿಂದ ಪೂರ್ವಾನ್ವಯವಾಗಿ. ಹಳೆಯ ತಿಂಗಳ ಬಾಕಿಯೂ ಹೊಸ ತಿಂಗಳ ದರವೂ ಒಟ್ಟಿಗೆ ಜೂನ್ ಬಿಲ್ಲಿನಲ್ಲಿ ಬಂದು ಬಿದ್ದವು. ಹೋದ ಸರ್ಕಾರ ಬಂದ ಸರ್ಕಾರವನ್ನು ತೋರಿಸಿತು. ಬಂದದ್ದು ಹೋದದ್ದನ್ನು ತೋರಿಸಿತು. ಹಣ ಕಟ್ಟಿದವನು ಮಾತ್ರ ಎರಡು ಕಾಲದಲ್ಲಿಯೂ ಒಬ್ಬನೇ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯವರು ಜೂನ್ ೨೨ರಂದು ಬಂದ್‌ಗೆ ಕರೆ ಕೊಡುವಷ್ಟರ ಮಟ್ಟಿಗೆ ವರ್ತಕರು ರೋಸಿಹೋಗಿದ್ದರು.

ಆ ಆಜ್ಞೆಯಲ್ಲಿ ದರ ಏರಿಕೆಗಿಂತ ಕ್ರೂರವಾದ ಇನ್ನೊಂದು ಅಂಶವಿತ್ತು. ಮೊದಲು ಬಳಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ಮೊದಲ ಯೂನಿಟ್ಟುಗಳಿಗೆ ಕಡಿಮೆ ದರ, ಮೇಲಿನವಕ್ಕೆ ಹೆಚ್ಚಿನ ದರ ಹಾಕುತ್ತಿದ್ದರು. ೨೦೨೩ರಲ್ಲಿ ಆ ಮೆಟ್ಟಿಲನ್ನೇ ಕಿತ್ತರು. ನೂರು ಯೂನಿಟ್ಟಿನವರೆಗೆ ೪ ರೂಪಾಯಿ ೭೫ ಪೈಸೆ. ನೂರು ದಾಟಿದರೆ ಮೊದಲನೆಯ ಯೂನಿಟ್ಟಿನಿಂದಲೇ ೭ ರೂಪಾಯಿ. ಶಾಲೆಯ ಹುಡುಗನೂ ಸ್ಲೇಟಿನ ಮೇಲೆ ಮಾಡಬಹುದಾದ ಲೆಕ್ಕವಿದು. ನೂರು ಯೂನಿಟ್ಟಿಗೆ ೪೭೫ ರೂಪಾಯಿ. ನೂರಾ ಒಂದಕ್ಕೆ ೭೦೭. ಆ ಒಂದು ಯೂನಿಟ್ಟಿನ ಬೆಲೆ ೨೩೨ ರೂಪಾಯಿ! ೨೦೨೪ರ ಏಪ್ರಿಲ್‌ನಿಂದ ಎಲ್ಲ ಮನೆಗಳಿಗೂ ೫ ರೂಪಾಯಿ ೯೦ ಪೈಸೆಯ ಒಂದೇ ದರವೆಂದು ಮಾಡಿ ಈ ವಿಪರೀತವನ್ನು ತೆಗೆದರು, ನಿಜ. ಆದರೆ ನೂರರ ಒಳಗೆ ಮಿತವಾಗಿ ಬಳಸಿ, ಉಚಿತ ಯೋಜನೆಗೂ ಸೇರದ ಬಡವನ ದರ ಅಲ್ಲಿ ಏರಿತೇ ಹೊರತು ಇಳಿಯಲಿಲ್ಲ.

೨೦೨೫ರ ಏಪ್ರಿಲ್‌ನಲ್ಲಿ ನಡೆದದ್ದು ಇನ್ನೂ ಸೊಗಸಾಗಿದೆ. ಯೂನಿಟ್ಟಿಗೆ ೧೦ ಪೈಸೆ ಇಳಿಸಿದೆವೆಂದು ಸಾರಿದರು. ಅದೇ ಕೈಯಲ್ಲಿ ನಿಗದಿತ ಶುಲ್ಕವನ್ನು ಕಿಲೋವ್ಯಾಟಿಗೆ ೧೨೦ರಿಂದ ೧೪೫ ರೂಪಾಯಿಗೆ ಏರಿಸಿದರು. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಉಪದಾನದಲ್ಲಿ ಸರ್ಕಾರದ ಪಾಲಿನ ಬಾಬ್ತು ಎಂದು ಯೂನಿಟ್ಟಿಗೆ ೩೬ ಪೈಸೆ ಸೇರಿಸಿದರು. ಎರಡು ಕಿಲೋವ್ಯಾಟಿನ ಮಂಜೂರಾತಿ ಇದ್ದು ನೂರು ಯೂನಿಟ್ಟು ಉರಿಸಿ, ಪೂರ್ತಿ ಬಿಲ್ಲು ಕಟ್ಟುವ ಮನೆಯ ಲೆಕ್ಕ ನೋಡಿ: ಇಳಿದದ್ದು ೧೦ ರೂಪಾಯಿ, ಏರಿದ್ದು ೫೦ ಮತ್ತು ೩೬, ಒಟ್ಟು ೮೬. ಕೊನೆಗೆ ತೆರಿಗೆಗೆ ಮುಂಚೆಯೇ ಜೇಬಿನಿಂದ ಹೋದದ್ದು ೭೬ ರೂಪಾಯಿ ಹೆಚ್ಚು. ಇದನ್ನು ಇಳಿಕೆ ಎಂದು ಕರೆಯುವ ಗಣಿತವನ್ನು ನಾವು ಯಾವ ಶಾಲೆಯಲ್ಲಿಯೂ ಕಂಡಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಲೈನ್‌ಮನ್‌ಗಳ ಪಿಂಚಣಿಯನ್ನು ನಾವು ವಿರೋಧಿಸುವವರಲ್ಲ. ಮಳೆಗಾಳಿಯಲ್ಲಿ ಕಂಬ ಹತ್ತಿ ಪ್ರಾಣ ಪಣಕ್ಕಿಡುವವನ ಮುಪ್ಪಿನ ಅನ್ನ ಅದು, ಅವನೂ ನಮ್ಮವನೇ. ಆದರೆ ಸರ್ಕಾರ ತನ್ನ ಬೊಕ್ಕಸದಿಂದ ಹೊರಬೇಕಾದ ಪಾಲನ್ನು ಇನ್ನೊಬ್ಬ ಕಾರ್ಮಿಕನ ಮೀಟರಿನ ಮೇಲೆ ಹೊರಿಸಿ, ಕಾರ್ಮಿಕ ಕಾರ್ಮಿಕನ ನಡುವೆ ವೈಮನಸ್ಯ ಹುಟ್ಟಿಸುವುದನ್ನು ನಾವು ಖಂಡಿಸುತ್ತೇವೆ.

ದರದ ಮಾತು ಹೀಗಾಯಿತು. ಇನ್ನು ತಪ್ಪು ಬಿಲ್ಲಿನ ಮಾತು. ೨೦೨೩ರ ಜೂನ್‌ನಲ್ಲಿಯೇ ಮಂಗಳೂರು ಬಳಿಯ ಉಳ್ಳಾಲದ ಒಂದು ಮನೆಗೆ ೭,೭೧,೦೭೨ ರೂಪಾಯಿ ಬಿಲ್ಲು ಬಂತು. ತಿದ್ದಿದ ಮೇಲೆ ಅದು ೨,೮೩೩ ರೂಪಾಯಿಗೆ ಇಳಿಯಿತು. ಅದೇ ತಿಂಗಳು ಕೊಪ್ಪಳದ ಭಾಗ್ಯನಗರದಲ್ಲಿ ತಗಡಿನ ಮನೆಯಲ್ಲಿ ಬಾಳುತ್ತಿದ್ದ ಭಾಗ್ಯಜ್ಯೋತಿ ಫಲಾನುಭವಿ ವೃದ್ಧೆಯೊಬ್ಬರಿಗೆ ಒಂದು ಲಕ್ಷ ಮೂರು ಸಾವಿರ ರೂಪಾಯಿಗೂ ಮೀರಿದ ಬಿಲ್ಲು ಬಂತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಮಂತ್ರಿಗಳು ಆಕೆ ಕಟ್ಟಬೇಕಾಗಿಲ್ಲವೆಂದರು, ಮೀಟರಿನ ದೋಷವೆಂದು ಒಪ್ಪಿದರು. ಏಳು ಲಕ್ಷದ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದುದರಿಂದ ತಿದ್ದಲ್ಪಡುತ್ತದೆ. ಏಳು ನೂರರ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯುವುದಕ್ಕಿಂತ ಕಟ್ಟಿಬಿಡುವುದೇ ಲೇಸೆಂದು ಬಡವನು ಕಟ್ಟುತ್ತಾನೆ. ನಮ್ಮ ಚಿಂತೆ ಈ ಸಣ್ಣ ತಪ್ಪುಗಳದ್ದು.

ಆದುದರಿಂದ ಬಂಧುಗಳೆ, ಬಿಲ್ಲು ಬಂದ ದಿನವೇ ಅದನ್ನು ಓದಿರಿ. ಹಿಂದಿನ ಅಂಕ ಎಷ್ಟು, ಈಗಿನ ಅಂಕ ಎಷ್ಟು ಎಂದು ನೋಡಿ ಮೀಟರಿನ ಅಂಕದೊಡನೆ ಹೋಲಿಸಿರಿ. ಬಾಗಿಲು ಬೀಗ ಹಾಕಿತ್ತೆಂದು ಅಂದಾಜಿನ ಬಿಲ್ಲು ಹಾಕಿದ್ದಾರೆಯೇ, ಹಳೆಯ ಬಾಕಿ ಅಥವಾ ಹೆಚ್ಚುವರಿ ಠೇವಣಿ ಸೇರಿದೆಯೇ ಎಂಬುದನ್ನು ಗಮನಿಸಿರಿ. ಆ ಬಿಲ್ಲಿನ ಕಾಗದದ ಅಕ್ಷರ ಕೆಲವು ತಿಂಗಳಿಗೆ ಅಳಿಸಿಹೋಗುತ್ತದೆ. ಆದುದರಿಂದ ಬಂದ ದಿನವೇ ಫೋಟೋ ತೆಗೆದಿಡಿ, ಇಲ್ಲವೇ ಜೆರಾಕ್ಸ್ ಮಾಡಿಸಿಡಿ. ಮೀಟರಿನ ಫೋಟೋವೂ ಇರಲಿ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಮಿಣುಕುತ್ತಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು, ಇಲ್ಲವೇ ಬೇರೆ ಯಾರದೋ ತಂತಿ ನಿಮ್ಮ ಮೀಟರಿಗೆ ಸೇರಿರಬಹುದು. ಮೀಟರಿನ ಮುಂದಿನ ಮೈನ್ ಸ್ವಿಚ್ಚನ್ನೇ ಆರಿಸಿದರೂ ಮಿಣುಕು ನಿಲ್ಲದಿದ್ದರೆ ಮೀಟರನ್ನೇ ಶಂಕಿಸಬೇಕು.

ಅನಂತರ ದೂರು ಬರೆಯಿರಿ. ೧೯೧೨ಕ್ಕೆ ಫೋನು ಮಾಡಿ ನಂಬರು ಪಡೆಯುವುದು ಒಳ್ಳೆಯದು. ಬಾಯಿಮಾತು ಮಾತ್ರ ಸಾಲದು. ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಮೀಟರು ಹೆಚ್ಚು ಓಡುತ್ತಿದೆಯೆಂದು ದೂರು ಕೊಟ್ಟರೆ, ಐದು ದಿನದೊಳಗೆ ಇನ್ನೊಂದು ಮೀಟರನ್ನು ಪಕ್ಕದಲ್ಲಿ ಕೂರಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕೆಂದು ಕೇಂದ್ರ ಸರ್ಕಾರ ೨೦೨೪ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮ ಹೇಳುತ್ತದೆ.

“ಮೊದಲು ಕಟ್ಟಿ, ಇಲ್ಲವಾದರೆ ಕರೆಂಟು ತೆಗೆಯುತ್ತೇವೆ” ಎಂಬ ಬೆದರಿಕೆಗೂ ಉತ್ತರವಿದೆ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೫೬ನೆಯ ಕಲಮಿನ ಪ್ರಕಾರ ಹದಿನೈದು ಪೂರ್ಣ ದಿನಗಳ ಲಿಖಿತ ನೋಟೀಸು ಕೊಡದೆ ಸಂಪರ್ಕ ತೆಗೆಯುವಂತಿಲ್ಲ. ಅಷ್ಟೇ ಅಲ್ಲ, ಕೇಳಿದ ಪೂರ್ತಿ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಈ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು “ಆಕ್ಷೇಪಣೆಯೊಡನೆ” ಎಂದು ಬರೆದು ಕಟ್ಟಿದರೆ, ವಿವಾದ ತೀರುವ ತನಕ ಸಂಪರ್ಕ ತೆಗೆಯಬಾರದು. ತಿಂಗಳಿಗೆ ಆರು ನೂರು ಕಟ್ಟುತ್ತಿದ್ದವನಿಗೆ ಆರು ಸಾವಿರದ ಬಿಲ್ಲು ಬಂದರೆ, ಅವನು ಸದ್ಯಕ್ಕೆ ಕಟ್ಟಬೇಕಾದದ್ದು ಆರು ನೂರು. ಕಚೇರಿಯಲ್ಲಿ ನ್ಯಾಯ ಸಿಕ್ಕದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ವಕೀಲರೇ ಬೇಕೆಂದಿಲ್ಲ. ಈ ಕಾನೂನು ಬಂದು ಎರಡು ದಶಕ ಕಳೆದಿದೆ. ಬಿಲ್ಲಿನ ಹಿಂಬದಿಯಲ್ಲಿ ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಲು ಯಾರ ಅಡ್ಡಿ?

ಸಣ್ಣ ವರ್ತಕರಿಗೆ ಒಂದು ಎಚ್ಚರಿಕೆ. ಮನೆಯ ಮುಂಗೋಣೆಯಲ್ಲಿ ಅಂಗಡಿ ಇಟ್ಟು ಮನೆಯ ಸಂಪರ್ಕದಿಂದಲೇ ದೀಪ ಉರಿಸಿದರೆ ಅದು ೧೨೬ನೆಯ ಕಲಮಿನಲ್ಲಿ ಅನಧಿಕೃತ ಬಳಕೆ ಎನಿಸಬಹುದು. ಎಂದಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಎರಡು ಪಟ್ಟು ದರ ಹಾಕುವ ಅಧಿಕಾರ ಅವರಿಗಿದೆ. ಅಲ್ಲಿಯೂ ತಾತ್ಕಾಲಿಕ ಆದೇಶಕ್ಕೆ ಆಕ್ಷೇಪಣೆ ಸಲ್ಲಿಸುವ ಹಕ್ಕಿದೆ. ಅಂತಿಮ ಆದೇಶದ ಮೇಲೆ ಮೂವತ್ತು ದಿನದಲ್ಲಿ ಅಪೀಲು ಹೋಗಬಹುದು. ಆದರೆ ಅರ್ಧ ಹಣವನ್ನು ಮೊದಲೇ ಕಟ್ಟಬೇಕು. ಆದುದರಿಂದ ನಮ್ಮ ಕಡೆಯ ಲೆಕ್ಕವೂ ಶುದ್ಧವಾಗಿರಲಿ. ಕೈ ಶುದ್ಧವಿದ್ದವನ ದನಿ ಗಟ್ಟಿಯಾಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಹೂಡಿಯ ವಠಾರಗಳದ್ದು. ೨೦೨೩ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡ ಹತ್ತು ಸೇರಿಸಿ ಉಚಿತದ ಮಿತಿ ಗೊತ್ತುಮಾಡಿದರು. ಬಳಕೆ ೨೦೦ ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು. ಒಳ್ಳೆಯ ಯೋಜನೆಯೇ, ನಾವು ಸ್ವಾಗತಿಸಿದ್ದೇವೆ. ಆದರೆ ಅದು ಎಣಿಸುವುದು ಮೀಟರುಗಳನ್ನು, ಸಂಸಾರಗಳನ್ನಲ್ಲ. ಒಂದೇ ಮೀಟರಿನ ಹಿಂದೆ ಮೂರು ಸಂಸಾರಗಳು ಎಂಬತ್ತೆಂಬತ್ತು ಯೂನಿಟ್ಟು ಬಳಸಿದರೆ ೨೪೦ ಆಯಿತು. ಮೂವರಿಗೂ ಉಚಿತ ತಪ್ಪಿತು. ಬೇರೆ ಬೇರೆ ಮೀಟರಿದ್ದು, ಅದೇ ಬಳಕೆ ಮೊದಲಿನಿಂದ ನಡೆದುಬಂದಿದ್ದರೆ ಮೂವರೂ ಕಾಸು ಕೊಡಬೇಕಿರಲಿಲ್ಲ. ಇದರ ಮೇಲೆ ಮನೆಯೊಡೆಯ ತನ್ನದೇ ಸಬ್‌ಮೀಟರಿಟ್ಟು ತನಗೆ ತೋಚಿದ ದರ ವಸೂಲು ಮಾಡಿದರೆ ಆ ಬಾಡಿಗೆದಾರನಿಗೆ ಬಿಲ್ಲೂ ಇಲ್ಲ, ರಸೀತಿಯೂ ಇಲ್ಲ, ದೂರು ಕೊಡಲು ಅವನ ಹೆಸರಿನ ಖಾತೆಯೂ ಇಲ್ಲ. ಕಾನೂನಿನ ಕಣ್ಣಿಗೆ ಅವನು ವಿದ್ಯುತ್ತನ್ನೇ ಬಳಸದವನು!

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ವಠಾರದ ಪ್ರತಿ ಸಂಸಾರಕ್ಕೂ ಸುಲಭ ವೆಚ್ಚದಲ್ಲಿ ಪ್ರತ್ಯೇಕ ಮೀಟರು ಕೊಡಬೇಕು. ೨೦೨೫ರಲ್ಲಿ ಹೊಸ ಸಂಪರ್ಕದ ಸ್ಮಾರ್ಟ್ ಮೀಟರಿಗೆ ೪,೯೯೮ ರೂಪಾಯಿ ಬೆಲೆ ಕಟ್ಟಿದಂತಹ ಹೊರೆಯನ್ನು ಬಡವನ ಮೇಲೆ ಹೇರಬಾರದು. ಪಿಂಚಣಿಯ ಪಾಲನ್ನು ಸರ್ಕಾರ ತಾನೇ ಹೊರಬೇಕು. ತಕರಾರಿನ ಹಕ್ಕುಗಳನ್ನು ಪ್ರತಿ ಬಿಲ್ಲಿನ ಮೇಲೆ ಕನ್ನಡದಲ್ಲಿ ಮುದ್ರಿಸಬೇಕು. ಮೀಟರ್ ಓದುವವರನ್ನು ಸಾಕಷ್ಟು ಸಂಖ್ಯೆಯಲ್ಲಿ ನೇಮಿಸಿ ನ್ಯಾಯವಾದ ಸಂಬಳ ಕೊಡಬೇಕು. ಓಡುತ್ತ ಓದಿದ ಅಂಕ ತಪ್ಪದೆ ಇರುವುದಿಲ್ಲ.

ಬೇಡಿಕೆ ಇಟ್ಟು ಕೈಕಟ್ಟಿ ಕೂರುವುದು ನಮ್ಮ ಪಕ್ಷದ ರೀತಿಯಲ್ಲ. ಪ್ರತಿ ಬೀದಿಯಲ್ಲೂ ಓದುಬರಹ ಬಲ್ಲ ಒಬ್ಬ ತರುಣನೋ ತರುಣಿಯೋ ತಿಂಗಳಿಗೊಂದು ಸಂಜೆ ಕುಳಿತು ಹತ್ತು ಮನೆಯ ಬಿಲ್ಲು ಓದಲಿ. ತಪ್ಪಿದ್ದರೆ ಅರ್ಜಿ ಬರೆಯಲಿ. ಕಚೇರಿಗೆ ಒಬ್ಬೊಬ್ಬರಾಗಿ ಹೋಗಿ ಗೊಣಗುವುದಕ್ಕಿಂತ ಹತ್ತು ಅರ್ಜಿಗಳೊಡನೆ ಹತ್ತು ಮಂದಿ ಹೋಗಿ ಮೊಹರು ಹಾಕಿಸಿಕೊಂಡು ಬರಲಿ. ಅಲ್ಲಿನ ಗುಮಾಸ್ತನ ಮೇಲೆ ಕೂಗಾಡುವುದು ಬೇಡ. ಅವನೂ ಸಂಬಳದ ಆಳೇ. ಜಗಳ ನಮ್ಮದು ವ್ಯಕ್ತಿಯೊಡನೆ ಅಲ್ಲ, ಲೆಕ್ಕದೊಡನೆ.

ಉರಿಸಿದ ದೀಪಕ್ಕೆ ಹಣ ಕೊಡಲು ದುಡಿಯುವವನು ಎಂದೂ ಹಿಂಜರಿದವನಲ್ಲ. ಉರಿಸದ ದೀಪಕ್ಕೆ ಅವನು ಕೊಡಬೇಕಾಗಿಲ್ಲ. ಲೆಕ್ಕ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮುಂದಿನ ಬಿಲ್ಲು ಬಂದ ದಿನವೇ ಕೇಳಲು ಆರಂಭಿಸೋಣ.