ಆಕಾಶದ ಪಹಣಿಯನ್ನು ನಾವೂ ತೆಗೆದು ನೋಡಬಹುದು

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕಳೆದ ಮಾಘಮಾಸದ ಒಂದು ಸಂಜೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವೊಂದನ್ನು ಹಿಡಿದು ಬಂದರು. ತೀರಿಕೊಂಡ ತಾಯಿಯ ಹೆಸರನ್ನು ನಕ್ಷತ್ರವೊಂದಕ್ಕೆ ಇಡಿಸಿ, ವಿದೇಶದಲ್ಲಿರುವ ಮಗ ವರ್ಷಾಬ್ದಿಕದ ಹೊತ್ತಿಗೆ ಕಳುಹಿಸಿಕೊಟ್ಟ ಪತ್ರವದು. ಮೇಲೆ ಬಂಗಾರದ ಬಣ್ಣದ ಮುದ್ರೆ, ಕೆಳಗೆ ಎರಡು ಸಂಖ್ಯೆಗಳು. ‘ಮೇಷ್ಟ್ರೇ, ಇವಳು ಎಲ್ಲಿದ್ದಾಳೆ ಸ್ವಲ್ಪ ತೋರಿಸಿ’ ಎಂದರು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಇಷ್ಟು ಕಷ್ಟದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ನಕ್ಷತ್ರದ ಹೆಸರನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ. ಹೆಸರುಗಳಿಗೆ ಮಾನ್ಯತೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಅದು ಹಣ ಪಡೆದು ನಾಮಕರಣ ಮಾಡುವುದಿಲ್ಲ. 2019ರಲ್ಲಿ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಎಂಬ ಹೆಸರು ಬಂದದ್ದು ಭಾರತೀಯರ ಸಲಹೆ ಮತ್ತು ಮತದಾನದಿಂದ. ಇದನ್ನೆಲ್ಲ ಆ ಕ್ಷಣದಲ್ಲೇ ಹೇಳಿಬಿಡಲು ನನಗೆ ನಾಲಗೆ ಹೊರಳಲಿಲ್ಲ. ಸಂಖ್ಯೆಗಳಾದರೂ ನಿಜವೇ ನೋಡೋಣ ಎಂದು ಕಂಪ್ಯೂಟರ್ ಮುಂದೆ ಕುಳಿತೆ.

ಭೂಮಿಯ ಮೇಲಿನ ಊರಿಗೆ ರೇಖಾಂಶ, ಅಕ್ಷಾಂಶಗಳಿರುವಂತೆ ಆಕಾಶದ ಬಿಂದುವಿಗೆ ವಿಷುವದಂಶ, ಘಂಟಾವೃತ್ತಾಂಶಗಳಿವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 1972ರಿಂದ ನಡೆದುಬಂದಿರುವ ಖಗೋಳ ದತ್ತಾಂಶ ಕೇಂದ್ರವು ಜಗತ್ತಿನ ನಕ್ಷತ್ರಪಟ್ಟಿಗಳನ್ನು ಕಲೆಹಾಕಿ ಉಚಿತವಾಗಿ ಒದಗಿಸುತ್ತದೆ. ಚಿತ್ರವಿಲ್ಲದ, ಗುಂಡಿಗಳಿಲ್ಲದ ಕಪ್ಪು ಪರದೆಯ ಮೇಲೆ ‘ವಿಜ್‌ಕ್ವೆರಿ’ ಎಂಬ ಅದರ ಪುಟ್ಟ ಆದೇಶವನ್ನು ಟೈಪಿಸಿ, ಯಾವ ಪಟ್ಟಿ, ಯಾವ ಬಿಂದು, ಸುತ್ತ ಎಷ್ಟು ತ್ರಿಜ್ಯ ಎಂದು ತಿಳಿಸಿದರೆ ಆಯಿತು. ನಾನು ಒಂದು ಕಲೆಯಷ್ಟು ತ್ರಿಜ್ಯ ಕೊಟ್ಟೆ; ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಆ ವೃತ್ತದ ಅಗಲ ಹುಣ್ಣಿಮೆ ಚಂದ್ರನ ಅಗಲದ ಹದಿನೈದನೇ ಒಂದು ಪಾಲು.

ಮೊದಲ ಸಲ ಎಡವಿದೆ. ವಿಷುವದಂಶವನ್ನು ಗಂಟೆಗಳಲ್ಲಿ ಬರೆಯುವುದು ವಾಡಿಕೆ. ಒಂದು ಗಂಟೆಗೆ ಹದಿನೈದು ಡಿಗ್ರಿ. ಪತ್ರದಲ್ಲಿದ್ದ ಏಳು ಗಂಟೆಯನ್ನು ಏಳು ಡಿಗ್ರಿ ಎಂದು ಕೊಟ್ಟುಬಿಟ್ಟದ್ದರಿಂದ ಮಿಥುನದಲ್ಲಿ ಹುಡುಕಬೇಕಾದವನು ಮೀನರಾಶಿಯಲ್ಲಿ ಅಲೆಯುತ್ತಿದ್ದೆ. ಯಂತ್ರ ಆಕ್ಷೇಪಿಸಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ಅಷ್ಟೆ. ಹೀಗೆಯೇ ಕಾಲದ ಲೆಕ್ಕವನ್ನೂ ಮರೆಯುವಂತಿಲ್ಲ. ಬರ್ನಾರ್ಡ್‌ನ ನಕ್ಷತ್ರ ವರ್ಷಕ್ಕೆ ಸುಮಾರು ಹತ್ತು ವಿಕಲೆ ಸರಿಯುತ್ತದೆ. 2000ದ ವಿಳಾಸ ಹಿಡಿದು 2016ರ ಸ್ಥಾನಗಳ ನಡುವೆ ಹುಡುಕಿದರೆ ನನ್ನ ಪುಟ್ಟ ವೃತ್ತದಲ್ಲಿ ಅದು ಸಿಕ್ಕುವುದೇ ಇಲ್ಲ.

ತಿದ್ದಿಕೊಂಡು ಕೇಳಿದಾಗ ಗಯಾ ಉಪಗ್ರಹದ ಪಟ್ಟಿಯಿಂದ ಹದಿನಾಲ್ಕು ಸಾಲುಗಳು ಬಂದವು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2013ರಲ್ಲಿ ಹಾರಿಸಿ 2025ರಲ್ಲಿ ನಿವೃತ್ತಿಗೊಳಿಸಿದ ನೌಕೆಯದು. 2022ರಲ್ಲಿ ಹೊರಬಂದ ಅದರ ಮೂರನೇ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಅಷ್ಟರೊಳಗಿಂದ ಹದಿನಾಲ್ಕನ್ನು ಆರಿಸಲು ಕೆಲವೇ ಸೆಕೆಂಡು ಸಾಕಾಯಿತು. ಗುಟ್ಟು ನಮ್ಮ ಕಂದಾಯ ಇಲಾಖೆಗೆ ಹೊಸದಲ್ಲ. ಇಡೀ ರಾಜ್ಯದ ಪಹಣಿಯನ್ನು ಯಾರೂ ತಿರುವಿಹಾಕುವುದಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮ ಹಿಡಿದು ಸರ್ವೆ ನಂಬರಿಗೆ ಇಳಿಯುತ್ತಾರೆ. ಇಲ್ಲಿಯೂ ಆಕಾಶವನ್ನು ಸಣ್ಣ ಮನೆಗಳಾಗಿ ವಿಂಗಡಿಸಿಟ್ಟಿರುತ್ತಾರೆ, ವೃತ್ತ ಮುಟ್ಟಿದ ಮನೆಗಳನ್ನಷ್ಟೇ ತೆರೆಯುತ್ತಾರೆ.

ಮದ್ರಾಸಿನ ವೀಕ್ಷಣಾಲಯದಲ್ಲಿ ಟೈಲರ್ ಎಂಬಾತ 1844ರಲ್ಲಿ 11,015 ನಕ್ಷತ್ರಗಳ ಪಟ್ಟಿ ಪ್ರಕಟಿಸಿದ. ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣು ಕೀಲಿಸಿ, ಗಡಿಯಾರದ ಬಡಿತ ಎಣಿಸಿ, ಹಗಲು ಕೈಯಲ್ಲೇ ಗಣಿತ ಮಾಡಿ ಗಳಿಸಿದ ಅಂಕಿಗಳವು. ಅಂಥ ಶ್ರಮದ ಮೇಲೆ ನಿಂತ ಪಟ್ಟಿಗಳು ಈಗ ಯಾರು ಬೇಕಾದರೂ ಪ್ರಶ್ನಿಸಬಹುದಾದ ಸಾರ್ವಜನಿಕ ಸ್ವತ್ತು. ನನ್ನ ತಕರಾರು ಇರುವುದು ಇಲ್ಲಿಯೇ. ಫೋನನ್ನು ಮೇಲೆತ್ತಿದರೆ ನಕ್ಷತ್ರದ ಹೆಸರು ಹೇಳುವ ಆ್ಯಪ್‌ಗಳಿವೆ. ಅವು ಬೇಡವೆನ್ನುವ ಮಡಿವಂತ ನಾನಲ್ಲ. ಆದರೆ ಅವು ತೋರಿಸಿದ್ದನ್ನು ನೋಡಬಹುದೇ ಹೊರತು ಪಾಟೀಸವಾಲು ಮಾಡಲಾಗದು. ಲಡಾಖ್‌ನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅದೇ ನಾಡಿನ ಪದವಿ ತರಗತಿಗಳಲ್ಲಿ ವಿದ್ಯಾರ್ಥಿಗಳಿಂದ ಲೋಲಕದ ಅವಧಿಯನ್ನು ಮತ್ತೆ ಮತ್ತೆ ಅಳೆಸುತ್ತಾ ಕಾಲ ಕಳೆದವರಲ್ಲಿ ನಾನೂ ಒಬ್ಬ. ಒಂದು ಸಾಲು ಟೈಪಿಸಿ, ಬಂದ ಅಂಕಿಗಳಿಂದ ದೂರವನ್ನು ತಾನೇ ಲೆಕ್ಕ ಹಾಕುವ ಪ್ರಯೋಗಕ್ಕೆ ಹೊಸ ಉಪಕರಣ ಬೇಕಿಲ್ಲ. ಕಾಲೇಜಿನ ಹಳೆಯ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಸಾಕು. ಪಠ್ಯಕ್ರಮ ಸಮಿತಿಯವರು ಇದನ್ನು ಒಂದು ಪ್ರಯೋಗವಾಗಿ ಸೇರಿಸಲು ಹಣದ ನೆಪ ಹೇಳುವಂತಿಲ್ಲ.

ಹದಿನಾಲ್ಕರಲ್ಲಿ ಪತ್ರದ ವಿಳಾಸಕ್ಕೆ ಸರಿಹೊಂದಿದ್ದು ಹನ್ನೊಂದನೇ ಕಾಂತಿಮಾನದ ಒಂದು ಚುಕ್ಕಿ. ಕಾಂತಿಮಾನ ಆರನ್ನು ದಾಟಿದರೆ ಬರಿಗಣ್ಣಿಗೆ ಕಾಣದು. ಗೆಳೆಯರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಹೆಸರು ಮಾರಿದವರ ಪುಸ್ತಕದಲ್ಲಿ ಮಾತ್ರ ಆ ಹೆಸರಿದೆ, ಖಗೋಳಜ್ಞರ ಯಾವ ಪಟ್ಟಿಯಲ್ಲೂ ಇಲ್ಲ, ನಕ್ಷತ್ರವಂತೂ ಇದೆ. ಅದರ ದಿಗ್ಭೇದದಿಂದ ಲೆಕ್ಕ ಹಾಕಿದರೆ ದೂರ ಸುಮಾರು 1,550 ಜ್ಯೋತಿರ್ವರ್ಷ. ಈ ರಾತ್ರಿ ಇಲ್ಲಿಗೆ ತಲುಪುವ ಬೆಳಕು, ಬನವಾಸಿಯಲ್ಲಿ ಕದಂಬರು ಆಳುತ್ತಿದ್ದಾಗ ಅಲ್ಲಿಂದ ಹೊರಟದ್ದು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ‘ಮಗನಿಗೆ ಹೇಳಬೇಡಿ ಮೇಷ್ಟ್ರೇ, ಪಾಪ, ನೊಂದುಕೊಳ್ತಾನೆ’ ಎಂದರು. ಆಮೇಲೆ ಚೌಕಟ್ಟನ್ನು ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದು, ಗಯಾ ಪಟ್ಟಿಯಲ್ಲಿ ಆ ನಕ್ಷತ್ರಕ್ಕಿರುವ ಹತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು ನಿಧಾನವಾಗಿ ಓದಲು ಹೇಳಿದರು. ಬ್ಯಾಂಕಿನ ಹಳೆಯ ಅಭ್ಯಾಸ; ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಓದಿಸಿ ತಾಳೆ ನೋಡಿಕೊಂಡರು.