ಗ್ಯಾಸ್ ಪೈಪ್ ಬಂತು, ಅರ್ಥ್ ಎಲ್ಲಿ?

"ಗ್ರೈಂಡರ್ ಮುಟ್ಟೋ ಮೊದಲು ಚಪ್ಪಲಿ ಹಾಕ್ಕೋ." ಈ ಮಾತು ಕೇಳದ ಮನೆ ನಮ್ಮ ಊರುಗಳಲ್ಲಿ ಕಡಿಮೆ. ಕೈಗೆ ಜುಮ್ ಅನ್ನೋ ಕರೆಂಟನ್ನು ಸೊಳ್ಳೆ ಕಡಿತದ ಹಾಗೆ ಸಹಿಸಿಕೊಂಡು ಬಂದಿದ್ದೇವೆ. ಗ್ರೈಂಡರ್ ಹಳೇದಾಯ್ತು ಅಂತೀವಿ, ಮಳೆಗಾಲ ಅಂತೀವಿ. ಗೃಹಜ್ಯೋತಿ ಬಿಲ್ ಸೊನ್ನೆ ಬಂದಿದೆಯಾ ಅಂತ ತಿಂಗಳು ತಿಂಗಳು ನೋಡ್ತೀವಿ. ಮೂರನೇ ವೈರ್ ಎಲ್ಲಿಗೆ ಹೋಗಿದೆ ಅಂತ ಮಾತ್ರ ಕೇಳಲ್ಲ.

ಎಷ್ಟೋ ಮನೆಗಳಲ್ಲಿ ಅದು ಎಲ್ಲಿಗೂ ಹೋಗಿಲ್ಲ. ಸಾಕೆಟ್ಟಿನ ದೊಡ್ಡ ತೂತಿಗೆ ಹಸಿರು ವೈರ್ ಕೊಟ್ಟು, ಮೀಟರ್ ಬೋರ್ಡಿನ ಹತ್ತಿರ ಕತ್ತರಿಸಿ ಬಿಟ್ಟಿರುತ್ತಾರೆ. ಇಲ್ಲವೇ ನ್ಯೂಟ್ರಲ್‌ಗೆ ಸುತ್ತಿರುತ್ತಾರೆ. ನ್ಯೂಟ್ರಲ್ ಕಡಿದ ದಿನ ಫ್ರಿಜ್ ಬಾಗಿಲಿಗೇ ಫೇಸ್ ಬರುತ್ತೆ. ಇನ್ನು ಕೆಲವರು ನಲ್ಲಿ ಪೈಪಿಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಕಬ್ಬಿಣದ ಪೈಪಿನ ಕಾಲದಲ್ಲಿ ಅದು ಹೇಗೋ ನಡೆಯಿತು. ಈಗ ನೆಲದಡಿ ಇರೋದು ಪಿವಿಸಿ.

ಇಂಥ ಮನೆಗಳ ಅಡುಗೆಕೋಣೆಗೆ ಈಗ ಗ್ಯಾಸ್ ಪೈಪ್ ಬರುವ ಕಾಲ. ಬೆಂಗಳೂರು, ತುಮಕೂರು, ಬೆಳಗಾವಿ, ಧಾರವಾಡ, ಮಂಗಳೂರಿನ ಮನೆಗಳಿಗೆ ಬಂದಾಗಿದೆ. ಸಿಲಿಂಡರ್ ಹೊರಗಿಟ್ಟು ತಾಮ್ರದ ಪೈಪಲ್ಲಿ ಒಳಗೆ ತರುವವರೂ ಇದ್ದಾರೆ. ಹೊಳೆಯುವ ಪೈಪ್ ಕಂಡ ಕೂಡಲೇ ಅರ್ಥ್ ವೈರನ್ನು ಅದಕ್ಕೇ ಕಟ್ಟುವ ಬುದ್ಧಿ ಬರುತ್ತೆ. ಅದು ಶುದ್ಧ ತಪ್ಪು. ರಸ್ತೆಯಿಂದ ಬರುವ ಗ್ಯಾಸ್ ಪೈಪ್ ನೆಲದೊಳಗೆ ಪ್ಲಾಸ್ಟಿಕ್, ಗೋಡೆ ಹತ್ತಿದ ಮೇಲೆ ಲೋಹ. ಮಣ್ಣಿಗೆ ಸಂಪರ್ಕವೇ ಇಲ್ಲ. ಫ್ರಿಜ್ಜಿನಲ್ಲಿ ಕರೆಂಟ್ ಸೋರಿದರೆ ಪೈಪಿಗೂ ಒಲೆಗೂ 230 ವೋಲ್ಟ್ ಹತ್ತಿ ಕೂರುತ್ತೆ. ಸಡಿಲ ಜಾಯಿಂಟಲ್ಲಿ ಕಿಡಿ ಹಾರಿದರೆ ಪಕ್ಕದಲ್ಲೇ ಗ್ಯಾಸ್.

ಪೈಪನ್ನು ಅರ್ಥ್ ಮಾಡಿಕೊಳ್ಳುವುದು ಬೇರೆ, ಪೈಪನ್ನು ಅರ್ಥಿಗೆ ಸೇರಿಸುವುದು ಬೇರೆ. ಎರಡನೆಯದಕ್ಕೆ ಬಾಂಡಿಂಗ್ ಅಂತಾರೆ. ಗ್ಯಾಸ್ ಪೈಪ್, ನಲ್ಲಿ ಪೈಪು, ಅರ್ಥ್ ಗುಂಡಿ ಎಲ್ಲವನ್ನೂ ದಪ್ಪ ವೈರಿನಿಂದ ಒಂದೇ ಕಡೆ ಜೋಡಿಸಿದರೆ, ಒಂದು ಕೈ ಒಲೆ ಮೇಲೆ, ಒಂದು ಕೈ ಫ್ರಿಜ್ ಮೇಲೆ ಇಟ್ಟರೂ ನಡುವೆ ವೋಲ್ಟೇಜ್ ಏಳುವುದಿಲ್ಲ. ಆದರೆ ಗುಂಡಿಯೇ ಇಲ್ಲದ ಮನೆಯಲ್ಲಿ ಬಾಂಡಿಂಗ್ ಮಾಡಿದರೆ ಒಂದು ಕಡೆಯ ಶಾಕನ್ನು ಇಡೀ ಅಡುಗೆಮನೆಗೆ ಹಂಚಿದಂತೆ. ಮೊದಲು ಗುಂಡಿ, ಆಮೇಲೆ ಪೈಪ್.

ಗುಂಡಿ ಇದ್ದರೂ ಸಾಲದು. ಬೇಸಿಗೆಯಲ್ಲಿ ಮಣ್ಣು ಒಣಗಿ ಅದರ ರೆಸಿಸ್ಟೆನ್ಸ್ 50 ಓಮ್ ಆಯಿತು ಅನ್ನಿ. 230 ವೋಲ್ಟಿಗೆ ಹರಿಯೋದು 5 ಆಂಪಿಯರ್‌ಗಿಂತ ಕಡಿಮೆ. 16 ಆಂಪಿಯರಿನ ಎಂಸಿಬಿ ಬೀಳೋದೇ ಇಲ್ಲ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಖರ್ಚು ಅಂತೀರಾ? ಗೃಹಪ್ರವೇಶದ ಊಟದ ಲೆಕ್ಕದ ಮುಂದೆ ಇದೊಂದು ಲೆಕ್ಕವೇ ಅಲ್ಲ.

ಹಾಗಂತ ತಪ್ಪೆಲ್ಲ ನಮ್ಮದೇ, ವೈರ್‌ಮನ್‌ದೇ ಅನ್ನಲು ನಾನು ತಯಾರಿಲ್ಲ. ಸರಬರಾಜು ಮಾಡುವವರೇ ಗ್ರಾಹಕರ ಮನೆಯಲ್ಲಿ, ಕರೆಂಟ್ ಒಳಬರುವ ಜಾಗದ ಹತ್ತಿರ, ಅರ್ಥ್ ಟರ್ಮಿನಲ್ ಕೊಟ್ಟು ನೋಡಿಕೊಳ್ಳಬೇಕು ಅಂತ 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ ಅದೇ ಬಂತು. ನಿಮ್ಮ ಮೀಟರ್ ಹತ್ತಿರ ಹೋಗಿ, ಏನನ್ನೂ ಮುಟ್ಟದೆ, ನೋಡಿ. ಕಂಬದಿಂದ ಎರಡೇ ವೈರ್ ಬಂದಿದ್ದರೆ ಆ ಟರ್ಮಿನಲ್ ಎಲ್ಲಿದೆ? ವೈರಿಂಗ್ ಮುಗಿದ ವರದಿಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಇರುತ್ತೆ. ಎಷ್ಟೋ ಸಲ ಆ ಸಹಿ ಮನೆಯನ್ನೇ ನೋಡಿರುವುದಿಲ್ಲ.

ಕರೆಂಟಿನವರು ಗ್ಯಾಸ್ ನಮ್ಮದಲ್ಲ ಅಂತಾರೆ, ಗ್ಯಾಸಿನವರು ಅರ್ಥ್ ನಮ್ಮದಲ್ಲ ಅಂತಾರೆ. ಪೈಪ್ ಹಾಕಿಸುವ ಅರ್ಜಿಗೆ ಸಹಿ ಮಾಡುವ ಮೊದಲು ಇಬ್ಬರಿಗೂ ಬರೆದು ಕೊಡಿ: ಅರ್ಥ್ ಟೆಸ್ಟರ್ ಇಟ್ಟು ಅಳೆಯಲಿ, ಬಾಂಡಿಂಗ್ ಯಾರು ಮಾಡುತ್ತಾರೆ ಅಂತ ಹೇಳಲಿ, ಎಷ್ಟು ಓಮ್ ಬಂತು ಅನ್ನೋದನ್ನು ತಾರೀಖು ಹಾಕಿ ನಮ್ಮ ಕೈಗೆ ಕೊಡಲಿ. ಅಲ್ಲಿವರೆಗೆ ಆ ವಾಲ್ವ್ ತೆರೆಯುವುದು ಬೇಡ.