ಬೇಂದ್ರೆಯವರನ್ನು ಬೇಯಿಸಿದ್ದು ಸಾಕು

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಕವಿಗೋಷ್ಠಿಯಾದರೆ 'ಬೆಂದರೆ ಬೇಂದ್ರೆ' ಎಂಬ ಮಾತು ಬಂದೇ ಬರುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಹಾಡಿದವನು ಬಸ್ಸಿನ ಖರ್ಚೂ ಗಿಟ್ಟದೆ ನಿಪ್ಪಾಣಿಗೆ ಮರಳುತ್ತಾನೆ. ಕಷ್ಟವೇ ಕಾವ್ಯದ ತಾಯಿಯಾದ ಮೇಲೆ ಕವಿಗೆ ಕಾಸೇಕೆ?

ಬೇಂದ್ರೆಯವರು ಬೆಂದದ್ದೇನೋ ನಿಜ. 1932ರಲ್ಲಿ ಇದೇ ಬೆಳಗಾವಿ ಜಿಲ್ಲೆಯ ಹಿಂಡಲಗಾ ಸೆರೆಮನೆ ಕಂಡರು, ನೌಕರಿ ಹೋಯಿತು, ಹಲವು ಮಕ್ಕಳನ್ನು ಮಣ್ಣಿಗಿಟ್ಟರು. 1937ರ 'ಸಖೀಗೀತ'ದಲ್ಲಿ ಸಂಸಾರದ ಆ ನೋವು ಹಾಡಾಯಿತು. ಆದರೆ ಹಾಡಾಗಿಸಿದ್ದು ನೋವೇ? ಅವರನ್ನು ಸೆರೆಗೆ ಕಳಿಸಿದ್ದೇ 'ನರಬಲಿ' ಎಂಬ ಕವನ! ಕವಿ ಮೊದಲು, ಸೆರೆ ಆಮೇಲೆ. ಲಾವಣಿಯ ಧಾಟಿ, ಹೆಂಗಸರ ಹಾಡಿನ ಮಟ್ಟು ಕಿವಿಯಲ್ಲಿದ್ದವು; ಕೇಳಲು ಧಾರವಾಡದ 'ಗೆಳೆಯರ ಗುಂಪು' ಇತ್ತು. ಆ ವರ್ಷ ಸೆರೆಮನೆ ಸೇರಿದವರು ದೇಶದಲ್ಲಿ ಸಾವಿರಾರು ಮಂದಿ; 'ಸಖೀಗೀತ' ಬರೆದವರು ಒಬ್ಬರೇ.

ಇನ್ನು ಸುಖ ಬಂದರೆ ಕಾವ್ಯ ಬತ್ತುತ್ತದೆಂಬ ಅಂಜಿಕೆ. 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಅವರಿಗೆ ಸಂಬಳವಿತ್ತು. ಬತ್ತಿತೇ? ಜ್ಞಾನಪೀಠ ತಂದ 'ನಾಕು ತಂತಿ' ಪ್ರಕಟವಾದದ್ದು 1964ರಲ್ಲಿ.

ಕಾಗವಾಡದ ಮುಂದಿನ ಗೋಷ್ಠಿಯವರು ಹಾರ ಎರಡು ಕಡಿಮೆ ತರಲಿ; ಹಾಡುವವನ ಸಂಭಾವನೆಯನ್ನು ಮಾತ್ರ ಮೊದಲೇ ಗೊತ್ತುಮಾಡಲಿ.